ದ್ರಾಕ್ಷಿಗೆ ಎರಡು ಚಮಚ

ಲಿಂಗರಾಜರು ಸುಳ್ಳು ಹೇಳುವ ಪೈಕಿ ಅಲ್ಲ. ವಿಮಾ ಕಚೇರಿಯಲ್ಲಿ ಇಷ್ಟು ವರ್ಷ ಇದ್ದೂ ಸುಳ್ಳು ಹೇಳದವರು ಎಂದರೆ ಅವರ ಸ್ವಭಾವ ಎಂಥದೆಂದು ನೀವೇ ಊಹಿಸಿಕೊಳ್ಳಿ. ಆದರೆ ವಡೋದರಾಕ್ಕೆ ವರ್ಗವಾಗಿ ಬಂದು, ಗೋರ್ವಾ ಬಡಾವಣೆಯ ಶ್ರೀನಾಥಕುಂಜ್ ಎಂಬ ವಸತಿ ಸೊಸೈಟಿಯ ಮೂರನೆಯ ಮಹಡಿಗೆ ಸಾಮಾನು ಹತ್ತಿಸುತ್ತಿದ್ದ ದಿನ ಅವರ ನಾಲಿಗೆ ಒಮ್ಮೆ ಜಾರಿತು. ಸೊಸೈಟಿಯ ಅಧ್ಯಕ್ಷರಾದ ಹಸ್ಮುಖಭಾಯಿ ಕೆಳಗೆ ನಿಂತು ಊರು ಯಾವುದೆಂದು ಕೇಳಿದರು. ಲಿಂಗರಾಜರು ವಿಜಯಪುರ ಎಂದರು. ಅಲ್ಲಿಗೆ ಬಾಯಿ ಮುಚ್ಚಿದ್ದರೆ ಈ ಕಥೆ ಇರುತ್ತಿರಲಿಲ್ಲ. "ದ್ರಾಕ್ಷಿಯ ಸೀಮೆ. ನಮ್ಮದೂ ತೋಟ ಇದೆ" ಎಂದು ಸೇರಿಸಿಬಿಟ್ಟರು.

ತೋಟ ಇದ್ದದ್ದು ನಿಜವೇ. ಆದರೆ ಅದು ಅವರ ಮಾವನವರದು, ತಿಕೋಟಾದ ಕಡೆ. ಲಿಂಗರಾಜರ ತಂದೆ ಕನ್ನಡ ಶಾಲೆಯ ಮಾಸ್ತರರಾಗಿದ್ದವರು, ಅವರ ಸ್ವಂತ ಬೇಸಾಯವೆಂದರೆ ಬಾಗಿಲ ಮುಂದಿನ ತುಳಸಿ. ಅಳಿಯನಾಗಿ ಹೋದಾಗಲೆಲ್ಲ ಲಿಂಗರಾಜರು ದ್ರಾಕ್ಷಿ ಹಂದರದ ಕೆಳಗೆ ಹೊರಸಿನ ಮೇಲೆ ಕೂತು, ತಾಟಿನಲ್ಲಿ ತಂದಿಟ್ಟ ಹಣ್ಣನ್ನು ತಿಂದು, ಚಹಾ ಕುಡಿದು ಬಂದಿದ್ದರು. ಕೃಷಿಯಲ್ಲಿ ಅವರಿಗಿದ್ದ ಅನುಭವ ಇಷ್ಟು. ಸೊಸೈಟಿಗೆ ಮಾತ್ರ ಅವರು ಅಂದಿನಿಂದ ಅಂಗೂರ್‌ವಾಲೆ ಸಾಹೇಬರಾದರು. ಯಾರ ಮನೆಯ ಗುಲಾಬಿಗೆ ಹುಳ ಬಿದ್ದರೂ ಅವರನ್ನು ಕರೆದು ತೋರಿಸುತ್ತಿದ್ದರು. ಅವರು ಎಲೆಯನ್ನು ತಿರುಗಿಸಿ ನೋಡಿ, ಗಂಭೀರವಾಗಿ "ನೀರು ನೋಡಿ ಹಾಕಿ" ಎನ್ನುತ್ತಿದ್ದರು. ಈ ಸಲಹೆಯಿಂದ ಯಾವ ಗಿಡವೂ ಸತ್ತಿದ್ದಿಲ್ಲ, ಬದುಕಿದ್ದೂ ಇಲ್ಲ.

ಅವರ ಹೆಂಡತಿ ಶಾಂತಾ ತವರಿನಿಂದ ಒಂದು ದ್ರಾಕ್ಷಿಯ ಸಸಿ ತಂದು ಟೆರೇಸಿನಲ್ಲಿ ಅರ್ಧ ಕತ್ತರಿಸಿದ ಡ್ರಮ್ಮಿನಲ್ಲಿ ನೆಟ್ಟಳು. ಬಿದಿರು, ತಂತಿ ಕಟ್ಟಿ ಸಣ್ಣದೊಂದು ಹಂದರ ಮಾಡಿಸಿದಳು. ಸಂಜೆ ಅದರ ಕೆಳಗೆ ಚಾಪೆ ಹಾಸಿಕೊಂಡು ತಾಯಿಯ ಜೊತೆ ಫೋನಿನಲ್ಲಿ ಮಾತಾಡುವುದು ಅವಳ ದಿನದ ಸುಖ. ಗುಜರಾತಿಗೆ ಬಂದ ಮೇಲೆ ಅವಳು ಗಂಡನ ಹತ್ತಿರ ಸೀರೆ ಕೇಳಲಿಲ್ಲ, ಸೋಫಾ ಕೇಳಲಿಲ್ಲ. ಆ ಹಂದರವೊಂದಿದ್ದರೆ ಸಾಕು ಎಂದಿದ್ದಳು. ಕಾಲೇಜಿಗೆ ಹೋಗುವ ಮಗಳು ಸಂಜನಾ ಅದಕ್ಕೆ 'ಮಮ್ಮಿ ಕಾ ಮಾಯಕಾ', ಅಂದರೆ ಅಮ್ಮನ ತವರು, ಎಂದು ಹೆಸರಿಟ್ಟಿದ್ದಳು.

ಬಳ್ಳಿ ಚೆನ್ನಾಗಿ ಹಬ್ಬಿತು. ಹಣ್ಣಿನ ವಿಷಯ ಮಾತ್ರ ಹೇಳುವಂತಿರಲಿಲ್ಲ. ಬಟಾಣಿಯಷ್ಟು ಗಾತ್ರ, ಹಲ್ಲು ಜುಮ್ಮೆನ್ನುವ ಹುಳಿ. ಹಸ್ಮುಖಭಾಯಿಯ ಹೆಂಡತಿ ಕೋಕಿಲಾಬೆನ್ ಒಂದು ಗೊನೆ ತೆಗೆದುಕೊಂಡು ಹೋಗಿ ಚಟ್ನಿ ಅರೆದು, "ಈ ವಾರ ನಿಂಬೆಹಣ್ಣಿನ ಖರ್ಚು ಉಳಿಯಿತು" ಎಂದು ಮನಸಾರೆ ಹೊಗಳಿದರು.

ದೀಪಾವಳಿ ಕಳೆದ ಮೇಲೆ ಸೊಸೈಟಿಯ ಸಭೆ ಸೇರಿತು. ಹಸ್ಮುಖಭಾಯಿ ಎದ್ದು ನಿಂತು, ಸಂಕ್ರಾಂತಿಯ ಉತ್ತರಾಯಣ ಹಬ್ಬ ಬರುತ್ತಿದೆ, ಗಾಳಿಪಟ ಹಾರಿಸುವವರಿಗೆ ಹಂದರ ಅಡ್ಡ ಬರುತ್ತದೆ, ಹೋದ ವರ್ಷ ತನ್ನ ಪಟದ ದಾರ ಅದರಲ್ಲಿ ಸಿಕ್ಕಿಕೊಂಡು ಪಕ್ಕದ ಸೊಸೈಟಿಯವರ ಮುಂದೆ ಮಾನ ಹೋಯಿತು, ಆದ್ದರಿಂದ ಹಂದರ ಕೀಳಿಸಬೇಕು ಎಂದರು. "ಹಣ್ಣಾದರೂ ಹಣ್ಣಿನ ಹಾಗೆ ಇದ್ದಿದ್ದರೆ ಬೇರೆ ಮಾತು" ಎಂದೂ ಸೇರಿಸಿದರು.

ಹಿಂದಿನ ಸಾಲಿನಲ್ಲಿ ಕೂತಿದ್ದ ಶಾಂತಾಳ ಮುಖ ಸಣ್ಣದಾಯಿತು. ಅದನ್ನು ಕಂಡ ಲಿಂಗರಾಜರಿಗೆ ಸುಮ್ಮನಿರಲಾಗಲಿಲ್ಲ. ಅವರು ಎದ್ದು ನಿಂತು, ತಮ್ಮ ಸೀಮೆಯಲ್ಲಿ ದ್ರಾಕ್ಷಿ ಹೆಬ್ಬೆರಳಿನುದ್ದ ಬರುತ್ತದೆಂದೂ, ಅದಕ್ಕೆ ವಿಜ್ಞಾನವಿದೆಯೆಂದೂ, ಇಷ್ಟು ದಿನ ತಾವು ಬೇಕೆಂದೇ ಅದನ್ನು ಬಳಸಿರಲಿಲ್ಲವೆಂದೂ, ಈ ಸಲ ಹಾರ್ಮೋನು ಕೊಡುವವರಿದ್ದೇವೆಂದೂ ಘೋಷಿಸಿದರು. ಎರಡನೆಯ ಮಹಡಿಯ ರಮಣಿಕಭಾಯಿ ಸೊಸೈಟಿಗೆಲ್ಲ ಬೆಳಿಗ್ಗೆ ಪ್ರಾಣಾಯಾಮ ಕಲಿಸುವವರು, ಈರುಳ್ಳಿ ಬೆಳ್ಳುಳ್ಳಿಯನ್ನೂ ಮುಟ್ಟದವರು. ಅವರು, "ಅದನ್ನು ತಿಂದರೆ ಮನುಷ್ಯರಿಗೆ ಮೀಸೆ ಗೀಸೆ ಬರುವುದಿಲ್ಲ ತಾನೆ?" ಎಂದು ವಿಚಾರಿಸಿದರು. ಕೊನೆಗೆ, ಉತ್ತರಾಯಣದ ದಿನ ಹೇಗೂ ಎಲ್ಲರೂ ಟೆರೇಸಿನಲ್ಲಿರುತ್ತಾರೆ, ಅಲ್ಲೇ ಕಾಯಿ ನೋಡಿ, ಹಂದರ ಇರಬೇಕೋ ಬೇಡವೋ ತೀರ್ಮಾನಿಸುವುದು ಎಂದು ಒಪ್ಪಂದವಾಯಿತು.

ಮನೆಗೆ ಬಂದ ಲಿಂಗರಾಜರು ಬಾಗಿಲು ಹಾಕಿಕೊಂಡು ತಿಕೋಟಾದಲ್ಲಿದ್ದ ಹೆಂಡತಿಯ ತಮ್ಮ ವಿನಯನಿಗೆ ಫೋನು ಮಾಡಿದರು. ವಿನಯ್ ಹತ್ತಾರು ಎಕರೆ ದ್ರಾಕ್ಷಿ ಮಾಡುವವನು. ಅವನು ಅಕ್ಕನ ಬಳ್ಳಿಗೆ ಬೇಕಾಗುವಷ್ಟು ಜೀಎ ಪುಡಿಯನ್ನು ಕೊರಿಯರಿನಲ್ಲಿ ಕಳಿಸಿಕೊಟ್ಟ. ಜಿಬರೆಲಿಕ್ ಆಸಿಡ್ ಎಂಬ ಉದ್ದ ಹೆಸರಿನ ಸಸ್ಯದ ಹಾರ್ಮೋನಿಗೆ ದ್ರಾಕ್ಷಿ ರೈತರು ಕರೆಯುವ ಹೆಸರು ಜೀಎ. ಗಿಡದೊಳಗೆ ಅದು ತಾನಾಗಿಯೇ ಇರುತ್ತದೆ, ಹೊರಗಿನಿಂದಲೂ ಒಂದು ಚೂರು ಕೊಟ್ಟರೆ ಕಾಯಿ ಉದ್ದವಾಗಿ ದಪ್ಪವಾಗುತ್ತದೆ.

"ಮಾಮಾರ, ಕಾಯಿ ಜ್ವಾಳದ ಕಾಳಿನಷ್ಟು ಆದಾಗ ಗೊನಿ ಅದ್ದಬೇಕ್ರಿ" ಎಂದ ವಿನಯ್. "ಪುಡಿ ನೇರ ನೀರಾಗ ಕರಗಂಗಿಲ್ಲ. ಮೊದಲ ಎರಡು ಚಮಚ ಅಲ್ಕೋಹಾಲ್‌ದಾಗ ಕರಗಿಸ್ಕೋಬೇಕು. ಅಲ್ಕೋಹಾಲ್ ಅಂದ್ರ..."

"ಗೊತ್ತೈತಿ ಬಿಡಪಾ. ನನಗೇನ್ ಹೇಳ್ತಿ" ಎಂದು ಲಿಂಗರಾಜರು ಫೋನು ಇಟ್ಟರು. ಅಂಗೂರ್‌ವಾಲೆ ಸಾಹೇಬರಾದ ಮೇಲೆ ಇಷ್ಟೂ ತಿಳಿಯದಿದ್ದರೆ ಹೇಗೆ?

ಅಲ್ಕೋಹಾಲು ಎಂದರೆ ಅವರಿಗೆ ತಿಳಿದದ್ದು ಒಂದೇ. ಅದನ್ನು ಜನ ಕುಡಿಯುತ್ತಾರೆ, ತಾವು ಕುಡಿಯುವುದಿಲ್ಲ. ತಾವಿರುವುದು ಪಾನನಿಷೇಧದ ಗುಜರಾತಿನಲ್ಲಿ, ಒಂದು ಬಾಟಲಿ ಸಿಕ್ಕರೂ ಪೊಲೀಸರು ಹಿಡಿಯುತ್ತಾರೆ, ನೌಕರಿಗೂ ಸಂಚಕಾರ ಎಂಬುದು ಹೊಳೆದದ್ದು ಆಮೇಲೆ. ಕಾಯಿಯೇನೋ ದಿನದಿನಕ್ಕೆ ಜೋಳದ ಕಾಳಿನತ್ತ ಸಾಗುತ್ತಿತ್ತು.

ಜನವರಿಯ ಮೊದಲ ವಾರ ಅವರು ಮೆಟ್ಟಿಲಲ್ಲಿ ಹಸ್ಮುಖಭಾಯಿಯನ್ನು ನಿಲ್ಲಿಸಿ, ದನಿ ತಗ್ಗಿಸಿ, "ಸ್ವಲ್ಪ ಅಲ್ಕೋಹಾಲು ಬೇಕಿತ್ತು. ಎರಡೇ ಚಮಚ. ದ್ರಾಕ್ಷಿಗೆ" ಎಂದರು.

ಹಸ್ಮುಖಭಾಯಿ ಒಂದು ಹೆಜ್ಜೆ ಹಿಂದೆ ಸರಿದರು. ಇಡೀ ಮೆಟ್ಟಿಲಿಗೆ ಕೇಳುವಂತೆ, ಇದು ಪವಿತ್ರ ಭೂಮಿ, ಇಲ್ಲಿ ಅದರ ಹೆಸರೆತ್ತುವುದೂ ಪಾಪ, ವಿಜ್ಞಾನಕ್ಕೂ ಒಂದು ಮರ್ಯಾದೆ ಬೇಕು ಎಂದು ಉಪದೇಶ ಮಾಡಿದರು. ಲಿಂಗರಾಜರು ನಾಚಿ ನೀರಾಗಿ ಎರಡನೆಯ ಮಹಡಿಗೆ ಹೋಗಿ ರಮಣಿಕಭಾಯಿಯನ್ನು ಕೇಳಿದರು. ರಮಣಿಕಭಾಯಿ ಎರಡು ಕಿವಿಗೂ ಬೆರಳಿಟ್ಟುಕೊಂಡು, "ಕೃಷ್ಣ, ಕೃಷ್ಣ" ಎಂದರು. ಹೀಗೆ ಆ ದಿನ ಸೊಸೈಟಿಯ ಗಂಡಸರನ್ನೆಲ್ಲ ಒಂದು ಸುತ್ತು ಕೇಳಿದ್ದಾಯಿತು. ಎಲ್ಲರೂ ಗದರಿದರು. ಇಂಥ ಶುದ್ಧ ಜನರ ನಡುವೆ ತಾನು ಇಂಥ ಮಾತಾಡಿದೆನಲ್ಲ ಎಂದು ಲಿಂಗರಾಜರಿಗೆ ಊಟ ಸೇರಲಿಲ್ಲ.

ಮರುದಿನ ಸಂಜೆ, ಹೆಂಗಸರು ಹವೇಲಿ ಎಂದು ಕರೆಯುವ ಕೃಷ್ಣನ ಗುಡಿಗೆ ದರ್ಶನಕ್ಕೆ ಹೋಗಿದ್ದ ಸಮಯ, ಬಾಗಿಲು ಸದ್ದಾಯಿತು. ಹಸ್ಮುಖಭಾಯಿ. ಕೈಯಲ್ಲೊಂದು ಸ್ಟೀಲ್ ಡಬ್ಬಿ.

"ಢೋಕ್ಲಾ" ಎಂದರು ಗಟ್ಟಿಯಾಗಿ. ಒಳಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ, "ಢೋಕ್ಲಾ ಅಲ್ಲ" ಎಂದರು ಮೆಲ್ಲಗೆ.

ಮುಚ್ಚಳ ತೆಗೆದರೆ ಒಳಗೆ ಕರವಸ್ತ್ರದಲ್ಲಿ ಸುತ್ತಿದ ಒಂದು ಗಿಡ್ಡ ಬಾಟಲಿ.

"ಹಲ್ಲುನೋವಿಗೆ ಅಂತ ಇಟ್ಟಿದ್ದೆ. ನೀವು ಪರದೇಶಿ ಮನುಷ್ಯ, ನಿಮ್ಮ ಕಷ್ಟ ನನಗೆ ಅರ್ಥವಾಗುತ್ತೆ. ದ್ರಾಕ್ಷಿಗೆ ಅಂದಿರಲ್ಲ, ಬಹಳ ಚೆನ್ನಾಗಿ ಹೇಳಿದಿರಿ. ನನಗೂ ಇಷ್ಟು ವರ್ಷ ಹೊಳೆದಿರಲಿಲ್ಲ."

"ಅಲ್ಲ, ನಿಜವಾಗಿಯೂ ದ್ರಾಕ್ಷಿಗೇ..."

"ಹೌದು ಹೌದು, ದ್ರಾಕ್ಷಿಗೇ" ಎಂದು ಹಸ್ಮುಖಭಾಯಿ ಕಣ್ಣು ಹೊಡೆದರು. "ಒಂದು ಮಾತು. ಈ ಸೊಸೈಟಿಯಲ್ಲಿ ಎಲ್ಲ ಭಕ್ತರು. ನನ್ನ ಹೆಸರು ಹೊರಗೆ ಬಂದರೆ ನಾನು ಮುಖ ತೋರಿಸುವ ಹಾಗಿಲ್ಲ. ಕೋಕಿಲಾಗಂತೂ ಗೊತ್ತೇ ಆಗಬಾರದು."

ಅವರು ಹೋಗಿ ಕಾಲು ಗಂಟೆಯಾಗಿರಲಿಲ್ಲ, ರಮಣಿಕಭಾಯಿ ಬಂದರು. ಅವರ ಕೈಯಲ್ಲೂ ಡಬ್ಬಿ. "ಥೇಪ್ಲಾ" ಎಂದರು. ಅದು ಥೇಪ್ಲಾ ಆಗಿರಲಿಲ್ಲ. "ಪ್ರಾಣಾಯಾಮಕ್ಕೆ ಮೊದಲು ಎದೆ ಬೆಚ್ಚಗಿರಲಿ ಅಂತ ಒಂದು ಮುಚ್ಚಳ ಅಷ್ಟೇ. ಹಸ್ಮುಖಭಾಯಿಗೆ ಮಾತ್ರ ತಿಳಿಯಬಾರದು, ಅವರು ಬಹಳ ಕಟ್ಟುನಿಟ್ಟು" ಎಂದು ಕೈ ಹಿಡಿದುಕೊಂಡರು.

ಆ ವಾರವಿಡೀ ಇದೇ ನಡೆಯಿತು. ಹವೇಲಿಯಲ್ಲಿ ಆರತಿಯ ಗಂಟೆ ಬಾರಿಸಿದರೆ ಲಿಂಗರಾಜರ ಬಾಗಿಲಲ್ಲಿ ಒಂದು ಡಬ್ಬಿ ಬಂದು ನಿಲ್ಲುತ್ತಿತ್ತು. ಖಾಂಡ್ವಿ, ಹಾಂಡ್ವೊ, ಸುಖಡಿ, ಫಾಫ್ಡಾ, ಹೀಗೆ ಒಂದೊಂದಕ್ಕೆ ಒಂದೊಂದು ತಿಂಡಿಯ ಹೆಸರು. ಪ್ರತಿಯೊಬ್ಬರೂ ಇಡೀ ಸೊಸೈಟಿಯಲ್ಲಿ ಕುಡಿಯುವ ಪಾಪಿ ತಾನೊಬ್ಬನೇ ಎಂದುಕೊಂಡಿದ್ದರು. ಈಗ ಜೊತೆಗೊಬ್ಬ ಸಿಕ್ಕನೆಂಬ ಸಂತೋಷ ಅವರ ಮುಖದಲ್ಲಿ ಕಾಣುತ್ತಿತ್ತು. ಹುಟ್ಟಿದಾಗಿನಿಂದ ಮಜ್ಜಿಗೆಗಿಂತ ಗಟ್ಟಿಯಾದದ್ದನ್ನು ಕುಡಿಯದ ಲಿಂಗರಾಜರು, ಹೀಗೆ ನೋಡುನೋಡುತ್ತ, ಗೋರ್ವಾದಲ್ಲೇ ದೊಡ್ಡ ದಾಸ್ತಾನಿನ ಒಡೆಯರಾದರು. ಅಷ್ಟನ್ನೂ ಅಡಿಗೆಮನೆಯ ಅಟ್ಟದ ಮೇಲೆ, ಸೂಟ್‌ಕೇಸಿನ ಹಿಂದೆ ಬಚ್ಚಿಟ್ಟರು.

ವಾಪಸು ಕೊಡಲು ಹೋದರೆ ಯಾರೂ ತೆಗೆದುಕೊಳ್ಳಲಿಲ್ಲ. "ಯಾವ ಡಬ್ಬಿ? ನಾನು ಯಾವ ಡಬ್ಬಿಯನ್ನೂ ಕೊಟ್ಟಿಲ್ಲವಲ್ಲ" ಎಂದು ಹಸ್ಮುಖಭಾಯಿ ಹೆಂಡತಿಯ ಮುಂದೆ ಕೈಯಲ್ಲಾಡಿಸಿಬಿಟ್ಟರು. ಬಳ್ಳಿಗೆ ಹಾಕೋಣವೆಂದರೆ ಯಾವುದನ್ನು ಹಾಕುವುದೆಂಬ ದೊಡ್ಡ ಪ್ರಶ್ನೆ. ಒಂದು ಕೆಂಪಗಿತ್ತು, ಒಂದು ಕಂದು, ಇನ್ನೊಂದು ನೀರಿನ ಹಾಗಿತ್ತು. ದ್ರಾಕ್ಷಿಗೆ ಯಾವುದು ಒಗ್ಗುತ್ತದೋ? ವಿನಯನನ್ನು ಕೇಳೋಣವೆಂದರೆ ತಾನೇ ಗೊತ್ತೈತಿ ಎಂದು ಫೋನು ಇಟ್ಟಾಗಿದೆ. ರಸ್ತೆಯಲ್ಲಿ ಪೊಲೀಸ್ ಜೀಪು ಹೋದರೆ ಲಿಂಗರಾಜರು ಸುಮ್ಮನೆ ಎದ್ದು ಬಚ್ಚಲಿಗೆ ಹೋಗಿ ಕೂರತೊಡಗಿದರು.

ಸಂಕ್ರಾಂತಿಗೆ ಮೂರು ದಿನವಿದ್ದಾಗ ಶಾಂತಾ ಶೇಂಗಾ ಹೋಳಿಗೆಗೆ ದೊಡ್ಡ ಪಾತೇಲಿ ಬೇಕೆಂದು ಅಟ್ಟಕ್ಕೆ ಕೈಹಾಕಿದಳು.

"ಏನ್ರೀ ಇದು?"

ಲಿಂಗರಾಜರು ಅಡಿಗೆಮನೆಯ ಬಾಗಿಲಿಗೆ ಬಂದು ನಿಂತರು. ಶಾಂತಾಳ ಮುಂದೆ ನೆಲದ ಮೇಲೆ ಡಬ್ಬಿಗಳೆಲ್ಲ ಮುಚ್ಚಳ ತೆರೆದು ಕೂತಿದ್ದವು.

"ದ್ರಾಕ್ಷಿಗೆ" ಎಂದರು.

"ದ್ರಾಕ್ಷಿಗೆ?"

"ಔಷಧಿ ಕರಗಿಸಾಕ. ಎರಡು ಚಮಚ ಸಾಕಾಗಿತ್ತು. ಹಲ್ಲುನೋವಿಗಂತ, ಪ್ರಾಣಾಯಾಮಕ್ಕಂತ ಇಟ್ಕೊಂಡಿದ್ದನ್ನ ಮಂದಿ ಜಾಸ್ತಿ ಕೊಟ್ಟಾರ."

"ಪಪ್ಪಾ, ಯೇ ಡ್ರೈ ಸ್ಟೇಟ್ ಹೈ" ಎಂದಳು ಸಂಜನಾ. "ಜೈಲ್ ಹೋ ಜಾಯೇಗಾ."

ಶಾಂತಾ ತಮ್ಮನಿಗೆ ಫೋನು ಹಚ್ಚಿದಳು. ಆ ಕಡೆಯಿಂದ ವಿನಯ್ ನಕ್ಕ ಸದ್ದು ಲಿಂಗರಾಜರು ನಿಂತಲ್ಲಿಗೂ ಕೇಳಿಸಿತು. "ಅಕ್ಕಾ, ಇಂಜೆಕ್ಷನ್ ಮಾಡೂ ಮುಂದ ಹತ್ತಿಲೆ ಒರಸ್ತಾರಲ್ಲ, ಆ ಸ್ಪಿರಿಟ್ ಸಾಕು. ಮೆಡಿಕಲ್ ಅಂಗಡ್ಯಾಗ ಸಿಗತೈತಿ. ನಾ ಹೇಳಾಕತ್ತಿದ್ನಿ, ಮಾಮಾರು ಫೋನ್ ಇಟ್ಟಬಿಟ್ರು."

ಶಾಂತಾ ಗಂಡನ ಮುಖ ನೋಡಿದಳು. ಬೈದಿದ್ದರೆ ಅವರಿಗೆ ಹಗುರಾಗುತ್ತಿತ್ತು. ಅವಳು ಬೈಯಲಿಲ್ಲ. "ನನ್ನ ಹಂದರಕ್ಕಂತ ಇಷ್ಟೆಲ್ಲಾ ಮಾಡೀರಿ" ಎಂದು ಮಾತ್ರ ಹೇಳಿದಳು. ಆಮೇಲೆ ಸೆರಗು ಸಿಕ್ಕಿಸಿ, "ಸ್ಪಿರಿಟ್ ನಾ ತರ್ತೀನಿ. ಗೊನಿ ಅದ್ದೂದು ನಾ ಸಣ್ಣಾಕಿ ಇದ್ದಾಗಿಂದ ಮಾಡೀನಿ. ಈ ಡಬ್ಬಿ ವಿಚಾರಾನೂ ನನಗ ಬಿಡ್ರಿ. ನೀವು ಬರೇ ಸುಮ್ಕಿರ್ರಿ" ಎಂದಳು. ಸುಮ್ಮನಿರುವುದೊಂದು ಕೆಲಸ ಲಿಂಗರಾಜರಿಗೆ ಯಾವಾಗಲೂ ಕಷ್ಟ.

ಮರುದಿನವೇ ಅವಳು ಟೆರೇಸಿನಲ್ಲಿ ಜೀಎ ಕರಗಿಸಿ, ಪ್ಲಾಸ್ಟಿಕ್ ಲೋಟದಲ್ಲಿ ತುಂಬಿಕೊಂಡು, ಒಂದೊಂದೇ ಗೊನೆಯನ್ನು ಅದರಲ್ಲಿ ಅದ್ದಿ ಅದ್ದಿ ಬಿಟ್ಟಳು. ಉಳಿದ ಗೊನೆಗಳನ್ನು ಹಬ್ಬದ ದಿನ ಮಧ್ಯಾಹ್ನ ಅದ್ದಿದರಾಯಿತು ಎಂದು ಲೋಟ, ಬಕೆಟ್ಟು ಎಲ್ಲ ಅಲ್ಲೇ ಇಟ್ಟಳು.

ಉತ್ತರಾಯಣ ಬಂತು. ವಡೋದರಾ ಪೂರ್ತಿ ಮಾಳಿಗೆಯ ಮೇಲಿತ್ತು. ಶ್ರೀನಾಥಕುಂಜಿನ ಟೆರೇಸಿನಲ್ಲಿ ಒಂದು ಮೂಲೆಗೆ ಸ್ಪೀಕರು, ಇನ್ನೊಂದು ಮೂಲೆಗೆ ಊಂಧಿಯು ಪಲ್ಯದ ದೊಡ್ಡ ಪಾತ್ರೆ. ಗಂಡಸರು ಕಪ್ಪು ಕನ್ನಡಕ ಹಾಕಿಕೊಂಡು ಆಕಾಶ ನೋಡುತ್ತಿದ್ದರು. ಹೆಂಗಸರು ಯಾಕೋ ಆ ದಿನ ಆಕಾಶದ ಕಡೆ ನೋಡುತ್ತಿರಲಿಲ್ಲ, ಗಂಡಂದಿರನ್ನು ನೋಡುತ್ತಿದ್ದರು. ಲಿಂಗರಾಜರು ಅದನ್ನು ಗಮನಿಸಿದರು. ಹಬ್ಬದ ದಿನ ಎಂಥ ಪ್ರೀತಿ ಎಂದು ಮೆಚ್ಚಿಕೊಂಡರು. ಶಾಂತಾ ಹಂದರದ ಕೆಳಗೆ ನಿಂತು ಉಳಿದ ಗೊನೆಗಳನ್ನು ಅದ್ದುತ್ತಿದ್ದಳು.

ಆಗ ಮೆಟ್ಟಿಲಿನಿಂದ ಬೂಟಿನ ಸದ್ದು ಬಂತು. ಮೊದಲು ಒಂದು ಟೋಪಿ ಕಂಡಿತು, ಆಮೇಲೆ ಮೀಸೆ, ಆಮೇಲೆ ಸಬ್ ಇನ್ಸ್‌ಪೆಕ್ಟರ್ ಸೋಲಂಕಿ ಪೂರ್ತಿಯಾಗಿ ಬಂದರು. ಹಿಂದೆ ಇಬ್ಬರು ಪೇದೆಗಳು.

"ಪಕ್ಕದ ಸೊಸೈಟಿಯಿಂದ ಫೋನು ಬಂದಿದೆ. ಇಲ್ಲಿ ದ್ರಾಕ್ಷಿಯಿಂದ ದಾರೂ ತಯಾರಾಗುತ್ತಿದೆಯಂತೆ. ಮೊನ್ನೆಯಿಂದ ಯಾರೋ ದ್ರಾಕ್ಷಿಯನ್ನು ಲೋಟದಲ್ಲಿ ಅದ್ದುತ್ತಿದ್ದಾರಂತೆ, ವಾಸನೆಯೂ ಬರುತ್ತಿದೆಯಂತೆ. ಬಳ್ಳಿ ಯಾರದು?"

ಸ್ಪೀಕರು ಯಾರೋ ನಿಲ್ಲಿಸಿದರು. ಸೊಸೈಟಿಯ ಗಂಡಸರೆಲ್ಲ ಒಂದೇ ಸಲ ಲಿಂಗರಾಜರ ಕಡೆ ನೋಡಿ, ಒಂದೇ ಸಲ ಬೇರೆ ಕಡೆ ನೋಡಿದರು.

"ನಂದು" ಎಂದರು ಲಿಂಗರಾಜರು. ಅಟ್ಟದ ಮೇಲಿನ ಡಬ್ಬಿಗಳು ಕಣ್ಣ ಮುಂದೆ ಸಾಲಾಗಿ ಬಂದವು. ನೌಕರಿ, ಪಿಂಚಣಿ, ಹಂದರ ಎಲ್ಲ ಒಟ್ಟಿಗೆ ಹೋಗುವುದು ಕಂಡಿತು. ಸುಳ್ಳು ಹೇಳಲು ಇದಕ್ಕಿಂತ ಒಳ್ಳೆಯ ಸಮಯ ಬರುವುದಿಲ್ಲ. ಆದರೆ ಅಭ್ಯಾಸವಿಲ್ಲದ ಕೆಲಸ. "ಸಾಹೇಬರೆ, ಇದು ಹಾರ್ಮೋನು. ಅಲ್ಕೋಹಾಲಿನಲ್ಲಿ ಕರಗಿಸಬೇಕು. ಅದಕ್ಕೇ ತರಿಸಿದ್ದು."

"ಅಂದರೆ ಅಲ್ಕೋಹಾಲು ಇದೆ."

"ಇದೆ."

"ಯಾರು ಕುಡಿಯುತ್ತಾರೆ?"

"ದ್ರಾಕ್ಷಿ ಕುಡಿಯುತ್ತೆ."

"ಅದಕ್ಕೆ ಪರ್ಮಿಟ್ ಇದೆಯೇ?" ಎಂದು ಒಬ್ಬ ಪೇದೆ ಬಳ್ಳಿಯ ಕಡೆ ಬೆರಳು ತೋರಿಸಿ ಕೇಳಿದ. ಸೋಲಂಕಿ ಅವನನ್ನೊಮ್ಮೆ ದುರುಗುಟ್ಟಿ ನೋಡಿ, "ಎಲ್ಲಿಟ್ಟಿದ್ದೀರಿ? ಯಾರು ಕೊಟ್ಟರು?" ಎಂದರು.

ಎರಡನೆಯ ಪ್ರಶ್ನೆಗೆ ಹಸ್ಮುಖಭಾಯಿಯ ಕೈಯಿಂದ ಮಾಂಜಾ ದಾರ ಜಾರಿತು. ಅವರ ಪಟ ತಲೆ ಕೆಳಗಾಗಿ ಪಕ್ಕದ ಸೊಸೈಟಿಯ ಮೇಲೆ ಬಿತ್ತು. ರಮಣಿಕಭಾಯಿ ಗೋಡೆ ಹಿಡಿದು ನಿಂತು ಪ್ರಾಣಾಯಾಮ ಶುರುಮಾಡಿದರು.

"ಅಟ್ಟದ ಮೇಲಿದೆ. ಯಾರು ಕೊಟ್ಟರೆಂದು ಮಾತ್ರ ಹೇಳುವುದಿಲ್ಲ" ಎಂದರು ಲಿಂಗರಾಜರು. ಅವರಿಗೇ ತಮ್ಮ ದನಿ ಗುರುತು ಸಿಗಲಿಲ್ಲ.

ಪೇದೆಗಳು ಕೆಳಗೆ ಹೋಗಿ ಅಟ್ಟ ಜಾಲಾಡಿದರು. ಹತ್ತು ನಿಮಿಷದಲ್ಲಿ ಮೇಲೆ ಬಂದು, ಒಂದು ಸೂಟ್‌ಕೇಸು, ಒಂದು ಮುರಿದ ಇಸ್ತ್ರಿಪೆಟ್ಟಿಗೆ ಬಿಟ್ಟರೆ ಏನೂ ಇಲ್ಲ ಎಂದರು. ಎಲ್ಲರಿಗಿಂತ ಹೆಚ್ಚು ಬೆರಗಾದವರು ಲಿಂಗರಾಜರೇ. "ಸರಿಯಾಗಿ ನೋಡಿದಿರಾ? ಸೂಟ್‌ಕೇಸಿನ ಹಿಂದೆ?" ಎಂದು ಕೇಳಿಯೂಬಿಟ್ಟರು.

ಶಾಂತಾ ಮುಂದೆ ಬಂದು ಸ್ಪಿರಿಟ್ ಬಾಟಲಿಯನ್ನು ಸೋಲಂಕಿಯ ಕೈಗೆ ಕೊಟ್ಟಳು. "ಸಾಬ್, ಇವರು ಹೇಳಿದ ಅಲ್ಕೋಹಾಲು ಇದು. ಮೆಡಿಕಲ್ ಸ್ಟೋರಿನದು" ಎಂದು ತನ್ನ ಹಿಂದಿಯಲ್ಲಿ ವಿವರಿಸಿದಳು. ಸೋಲಂಕಿ ಮೂಸಿ ನೋಡಿದರು. ಆಸ್ಪತ್ರೆಯ ವಾಸನೆ. ಬಕೆಟ್ಟನ್ನು ಮೂಸಿದರು, ಅದಕ್ಕೆ ವಾಸನೆಯೇ ಇಲ್ಲ. ಮೊನ್ನೆ ಅದ್ದಿದ ಗೊನೆಯನ್ನು ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ದನಿ ಬದಲಾಯಿತು.

"ಬೆನ್, ನಮ್ಮ ಹಳ್ಳಿಯಲ್ಲಿ ಮೆಣಸಿನ ಗಿಡದ ಹೂವೆಲ್ಲ ಉದುರುತ್ತೆ. ಅದಕ್ಕೆ ಇದನ್ನು ಹೊಡೆದರೆ ನಿಲ್ಲುತ್ತಾ?"

"ಅದಕ್ಕೆ ಬೇರೆ ಹಾರ್ಮೋನು ಬರುತ್ತೆ, ಸಾಬ್. ನನ್ನ ತಮ್ಮನ ನಂಬರ್ ಕೊಡ್ತೀನಿ. ಅವನು ಹೇಳುವಾಗ ನಡುವೆ ಫೋನು ಮಾತ್ರ ಇಡಬೇಡಿ."

ಪೊಲೀಸರು ಒಂದೊಂದು ತಟ್ಟೆ ಊಂಧಿಯು ತಿಂದು, ಎಳ್ಳಿನ ಚಿಕ್ಕಿ ಜೇಬಿಗೆ ಹಾಕಿಕೊಂಡು ಇಳಿದು ಹೋದರು. ಬೂಟಿನ ಸದ್ದು ಅಡಗಿತು. ಆಮೇಲೆ ಗಂಡಸರೆಲ್ಲ ಓಡಿ ಬಂದು ಲಿಂಗರಾಜರನ್ನು ತಬ್ಬಿಕೊಂಡರು. ಹೆಸರು ಬಾಯಿ ಬಿಡಲಿಲ್ಲ, ಇದು ಮನುಷ್ಯತ್ವ ಎಂದು ಹಸ್ಮುಖಭಾಯಿ ಕಣ್ಣು ಒರೆಸಿಕೊಂಡರು. "ಎಲ್ಲಿ ಬಚ್ಚಿಟ್ಟಿರಿ?" ಎಂದು ಕಿವಿಯಲ್ಲಿ ಕೇಳಿದರು.

"ನನಗೂ ಗೊತ್ತಿಲ್ಲ" ಎಂದು ಲಿಂಗರಾಜರು ಹೆಂಡತಿಯ ಕಡೆ ತಿರುಗಿದರು. "ಶಾಂತಾ, ಡಬ್ಬಿ ಎಲ್ಲಿ ಹೋದವು?"

ಶಾಂತಾ ಎಲ್ಲರಿಗೂ ತಿಳಿಯಲೆಂದು ಹಿಂದಿಯಲ್ಲೇ ಉತ್ತರ ಕೊಟ್ಟಳು. "ಹಬ್ಬದ ದಿನ ಬೇರೆಯವರ ಪಾತ್ರೆ ಮನೆಯಲ್ಲಿ ಇಟ್ಟುಕೊಳ್ಳಬಾರದು. ಬೆಳಿಗ್ಗೆ ಕುಸುರೆಳ್ಳು ಕೊಡಲು ಮನೆಮನೆಗೆ ಹೋಗಿದ್ದೆನಲ್ಲ, ಆಗ ಅವರವರ ಡಬ್ಬಿ ಅವರವರಿಗೆ ಕೊಟ್ಟು ಬಂದೆ. ಒಳಗಿದ್ದದ್ದು ಇದ್ದ ಹಾಗೇ, ಮೇಲೆ ಎರಡು ಹೋಳಿಗೆ ಇಟ್ಟು. ಡಬ್ಬಿಯ ಮೇಲೆ ಹೆಸರು ಕೆತ್ತಿಸಿದ್ದೀರಲ್ಲ. ಕೋಕಿಲಾಬೆನ್ ಅಂತ 'ಢೋಕ್ಲಾ' ಡಬ್ಬಿಯ ಮೇಲಿತ್ತು, ಅವರ ಕೈಗೇ ಕೊಟ್ಟೆ."

ಟೆರೇಸಿನಲ್ಲಿ ಒಂದು ಪಟವೂ ಮೇಲೆ ಉಳಿಯಲಿಲ್ಲ.

"ಹಲ್ಲುನೋವು ಹೇಗಿದೆ?" ಎಂದರು ಕೋಕಿಲಾಬೆನ್ ಗಂಡನಿಗೆ. ಬಹಳ ಮೃದುವಾಗಿ ಕೇಳಿದರು. ಹಸ್ಮುಖಭಾಯಿಗೆ ತಕ್ಷಣ ಎಲ್ಲ ಹಲ್ಲುಗಳೂ ನೋಯತೊಡಗಿದವು.

ಆಮೇಲೆ ಅಲ್ಲೇ ಸಭೆ ನಡೆಯಿತು. ಹಂದರದ ವಿಷಯವನ್ನು ಕೋಕಿಲಾಬೆನ್ ಮಂಡಿಸಿದರು. ಹಂದರ ಇರುತ್ತದೆ, ಬೇಕಾದರೆ ಇನ್ನೊಂದು ಡ್ರಮ್ಮು ಇಟ್ಟು ದೊಡ್ಡದು ಮಾಡುತ್ತೇವೆ, ಸಂಜೆ ನಾವೆಲ್ಲ ಶಾಂತಾಬೆನ್ ಜೊತೆ ಅಲ್ಲೇ ಕೂರುತ್ತೇವೆ, ಟೆರೇಸಿನ ಬೀಗದ ಕೈಯೂ ನಮ್ಮ ಹತ್ತಿರವೇ ಇರುತ್ತದೆ, ಗಂಡಸರಲ್ಲಿ ಯಾರಿಗಾದರೂ ತಕರಾರು ಇದೆಯೇ ಎಂದರು. ಯಾರಿಗೂ ಇರಲಿಲ್ಲ. ಶಾಂತಾ ಹಂದರದ ಕಂಬವನ್ನು ಒಂದು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದಳು. ಅವಳ ಮುಖ ನೋಡಿ ಲಿಂಗರಾಜರಿಗೆ ತುಂಬ ಸಂತೋಷವಾಯಿತು. ಗುಜರಾತಿನ ಜನಕ್ಕೆ ಕೃಷಿ ವಿಜ್ಞಾನದ ಮೇಲೆ ಎಷ್ಟು ಗೌರವ ಎಂದುಕೊಂಡರು.

ಅಂದಿನಿಂದ ಸೊಸೈಟಿಯ ಪ್ರತಿ ಮನೆಯಲ್ಲೂ ದಿನಕ್ಕೊಮ್ಮೆಯಾದರೂ "ಲಿಂಗರಾಜಭಾಯಿಯನ್ನು ನೋಡಿ ಕಲಿಯಿರಿ" ಎಂಬ ಮಾತು ಕೇಳಿಸತೊಡಗಿತು. ಇದರಿಂದ ಆ ಮನೆಗಳ ಗಂಡಸರು ಅವರನ್ನು ಮೆಟ್ಟಿಲಲ್ಲಿ ಕಂಡರೆ ಚಪ್ಪಲಿ ಸರಿಮಾಡಿಕೊಳ್ಳುವಂತೆ ಬಗ್ಗಿಬಿಡುತ್ತಿದ್ದರು. ಒಳ್ಳೆಯವನೆನಿಸಿಕೊಂಡವನಿಗೆ ಸ್ನೇಹಿತರು ಕಡಿಮೆಯಾಗುವುದನ್ನು ಲಿಂಗರಾಜರು ಸ್ವಂತ ಅನುಭವದಿಂದ ಕಂಡುಕೊಂಡರು.

ಶಿವರಾತ್ರಿಯ ಹೊತ್ತಿಗೆ ದ್ರಾಕ್ಷಿ ಬಲಿಯಿತು. ಹೆಬ್ಬೆರಳಿನುದ್ದವೇನೂ ಅಲ್ಲ, ಕಿರುಬೆರಳ ತುದಿಯಷ್ಟು. ಆದರೆ ನಿಜಕ್ಕೂ ಸಿಹಿ. ಶಾಂತಾ ಮೊದಲ ಗೊನೆಯನ್ನು ತಾಯಿಗೆ ವಿಡಿಯೋದಲ್ಲಿ ತೋರಿಸಿ ಅತ್ತಳು, ನಕ್ಕಳು, ಆಮೇಲೆ ಮನೆಮನೆಗೆ ಹಂಚಲು ಗಂಡನ ಕೈಗೆ ತಾಟು ಕೊಟ್ಟಳು.

ಹಸ್ಮುಖಭಾಯಿ ಬಾಗಿಲು ತೆರೆದರು. ಮನೆಯಲ್ಲಿ ಬೇರೆ ಯಾರೂ ಇದ್ದಂತಿರಲಿಲ್ಲ. ಒಂದು ಹಣ್ಣು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ನಿಧಾನವಾಗಿ ಅಗಿದರು. ಆಮೇಲೆ ಮೆಟ್ಟಿಲ ಮೇಲೂ ಕೆಳಗೂ ನೋಡಿ, ಬಹಳ ದಿನಗಳ ಮೇಲೆ ಲಿಂಗರಾಜರ ಭುಜದ ಮೇಲೆ ಕೈಯಿಟ್ಟರು.

"ಸಾಹೇಬರೆ, ನಿಜ ಹೇಳಿ. ನೀವು ಹಾಕಿದ ಅದು, ಹಣ್ಣಿನೊಳಗೆ ಒಂದು ಹನಿಯಾದರೂ ಉಳಿದಿರುತ್ತದೆಯೇ?"

"ಇಲ್ಲ ಇಲ್ಲ, ಒಂದು ಹನಿಯೂ ಉಳಿಯುವುದಿಲ್ಲ. ನೀವು ಧೈರ್ಯವಾಗಿ ತಿನ್ನಿ" ಎಂದರು ಲಿಂಗರಾಜರು.

ಹಸ್ಮುಖಭಾಯಿ ಕೈಗೆತ್ತಿಕೊಂಡಿದ್ದ ಎರಡನೆಯ ಹಣ್ಣನ್ನು ಮೆಲ್ಲಗೆ ತಾಟಿನಲ್ಲಿ ಇಟ್ಟರು.

"ಹಾಗಾದರೆ ಮಕ್ಕಳಿರುವ ಮನೆಗೆ ಕೊಡಿ" ಎಂದು ಬಾಗಿಲು ಹಾಕಿಕೊಂಡರು.